‘ಖುಷಿಯಾಗಿ ಕೂತವರು’: ಇರಾನಿನ ಬಿಳಿ ಕ್ರಾಂತಿಯೂ ಮೂವರು ಬರಹಗಾರರೂ

ಜಮೀನು, ಜಮೀನ್ದಾರ, ಸರ್ಕಾರ, ದರ್ಬಾರು, ಬಂದೋಬಸ್ತು, ದಸ್ತಾವೇಜು. ತಾಲ್ಲೂಕು ಕಚೇರಿಯ ಬಾಗಿಲಲ್ಲಿ ಕೈಕಟ್ಟಿ ನಿಂತ ಯಾರಿಗೂ ಈ ಮಾತುಗಳನ್ನು ವಿವರಿಸಬೇಕಾಗಿಲ್ಲ. ಇವೆಲ್ಲ ಪರ್ಷಿಯನ್ ಭಾಷೆಯಿಂದ ಬಂದವು. ಸುಲ್ತಾನರ, ನವಾಬರ ಕಚೇರಿಗಳ ದಾರಿ ಹಿಡಿದು ಬಂದು ನಮ್ಮ ನಾಲಗೆಯ ಮೇಲೆ ಕೂತವು. ಆಳುವವರ ಮಾತೆಲ್ಲ ಬಂತು. ಬಾರದೆ ಅಲ್ಲೇ ಉಳಿದ ಮಾತೊಂದಿದೆ: ‘ಖೋಷ್‌ನೆಶೀನ್’. ಖೋಷ್ ಅಂದರೆ ನಮ್ಮ ಖುಷಿಯೇ. ನೆಶೀನ್ ಅಂದರೆ ಕೂತವನು. ಇರಾನಿನ ಹಳ್ಳಿಯಲ್ಲಿ ಈ ಹೆಸರು ಯಾರಿಗೆ? ಭೂಮಿಯೂ ಇಲ್ಲದ, ಇನ್ನೊಬ್ಬರ ಭೂಮಿಯನ್ನು ಪಾಲಿಗೆ ಉಳುವ ಹಕ್ಕೂ ಇಲ್ಲದವರಿಗೆ. ಸಣ್ಣ ಅಂಗಡಿಯವನು, ಬಡ್ಡಿಗೆ ಕೊಡುವವನು ಕೂಡ ಆ ಲೆಕ್ಕದಲ್ಲಿ ಸೇರುತ್ತಿದ್ದರು ಅನ್ನುವುದು ನಿಜ. ಆದರೆ ಅವರಲ್ಲಿ ಬಹುಪಾಲು ಜನ ದಿನಗೂಲಿಗಳು. ಹೊಟ್ಟೆಗಿಲ್ಲದವನಿಗೆ ‘ಖುಷಿಯಾಗಿ ಕೂತವನು’ ಅಂತ ಹೆಸರು! ಊರ ಹೊರಗೆ ಇಟ್ಟವರನ್ನು ‘ಹರಿಜನ’ ಎಂದು ಕರೆದ ನಾಡಿನವರಾದ ನಮಗೆ ಈ ಕುಚೋದ್ಯ ಹೊಸದೇನಲ್ಲ.

ಇರಾನಿನ ಬಗ್ಗೆ ನಮಗೆ ತಲುಪುವುದು ಎರಡೇ ಕಥೆ. ಷಾ ದೇಶವನ್ನು ಆಧುನಿಕ ಮಾಡಿದ, ಮುಲ್ಲಾಗಳು ಬಂದು ಹಾಳುಮಾಡಿದರು ಅನ್ನುವುದು ಒಂದು. ಎಲ್ಲ ಕೇಡೂ ಹೊರಗಿನಿಂದ ಬಂತು, ಒಳಗಿನವರು ಮುಗ್ಧರು ಅನ್ನುವುದು ಇನ್ನೊಂದು. ಎರಡು ಕಥೆಯಲ್ಲೂ ಖೋಷ್‌ನೆಶೀನ್ ಇಲ್ಲ. ಜಲಾಲ್ ಆಲೆ ಅಹ್ಮದ್, ಘೊಲಾಮ್ ಹುಸೇನ್ ಸಾಎದಿ, ಸಮದ್ ಬೆಹ್ರಂಗಿ ಎಂಬ ಮೂವರು ಬರಹಗಾರರನ್ನು ಇಲ್ಲಿ ನಾವು ಓದಲು ಹೊರಟಿರುವುದು ಒಂದೇ ಪ್ರಶ್ನೆ ಇಟ್ಟುಕೊಂಡು: ಅವನು ಎಲ್ಲಿ?

1

ಮೊದಲು ಹೊರಗಿನ ಕೈಯ ಲೆಕ್ಕ ಹೇಳಿಬಿಡೋಣ. ಅದು ಸುಳ್ಳಲ್ಲ. 1901ರಲ್ಲಿ ಕಜಾರ್ ವಂಶದ ಷಾ, ವಿಲಿಯಂ ನಾಕ್ಸ್ ಡಾರ್ಸಿ ಎಂಬ ಹಣವಂತನಿಗೆ, ಉತ್ತರದ ಐದು ಪ್ರಾಂತಗಳನ್ನು ಬಿಟ್ಟು ಉಳಿದ ದೇಶದ ಎಣ್ಣೆಯನ್ನೆಲ್ಲ 60 ವರ್ಷಕ್ಕೆ ಬರೆದುಕೊಟ್ಟ. ಪ್ರತಿಯಾಗಿ ಸಿಕ್ಕಿದ್ದು 20,000 ಪೌಂಡು ನಗದು, ಅಷ್ಟೇ ಬೆಲೆಯ ಷೇರು, ನಿವ್ವಳ ಲಾಭದಲ್ಲಿ ಶೇಕಡ 16. ಜನ ಬೀದಿಗಿಳಿದು 1906ರಲ್ಲಿ ಸಂವಿಧಾನವನ್ನೂ ಮಜ್ಲಿಸ್ ಎಂಬ ಶಾಸನಸಭೆಯನ್ನೂ ಪಡೆದರು. ಮರುವರ್ಷವೇ ಬ್ರಿಟನ್ ಮತ್ತು ರಷ್ಯ ನಕ್ಷೆಯ ಮೇಲೆ ಗೆರೆ ಎಳೆದು ಆ ದೇಶವನ್ನು ತಮ್ಮ ತಮ್ಮ ಪ್ರಭಾವದ ವಲಯಗಳಾಗಿ ಹಂಚಿಕೊಂಡವು. 1908ರಲ್ಲಿ ರಷ್ಯನ್ ಅಧಿಕಾರಿಯ ಕೈಕೆಳಗಿನ ಕೊಸ್ಯಾಕ್ ಪಡೆ ಮಜ್ಲಿಸ್ ಕಟ್ಟಡಕ್ಕೆ ಫಿರಂಗಿ ಹಾರಿಸಿತು. ಅದೇ ವರ್ಷ ಮಸ್ಜಿದ್ ಸುಲೇಮಾನಿನಲ್ಲಿ ಎಣ್ಣೆ ಚಿಮ್ಮಿತು. 1914ರಲ್ಲಿ ಬ್ರಿಟಿಷ್ ಸರ್ಕಾರವೇ ಎಣ್ಣೆ ಕಂಪನಿಯ ಹೆಚ್ಚಿನ ಪಾಲು ಕೊಂಡುಕೊಂಡಿತು.

ಅಬಾದಾನಿನ ಎಣ್ಣೆ ಶುದ್ಧೀಕರಣ ಕಾರ್ಖಾನೆಗೆ ಇಂಡಿಯಾದಿಂದಲೂ ಕೂಲಿಗಳನ್ನು ಹಡಗಿನಲ್ಲಿ ಒಯ್ದರು. 1920ರ ಡಿಸೆಂಬರಿನಲ್ಲಿ ಅವರು ಮುಷ್ಕರ ಹೂಡಿದರು, 1922ರಲ್ಲಿ ಮತ್ತೆ ಹೂಡಿದರು. ಕಂಪನಿ ಮುಷ್ಕರಗಾರರನ್ನು ಹಡಗು ಹತ್ತಿಸಿ ಹಿಂದಕ್ಕೆ ಕಳಿಸಿತು. ಇಂಡಿಯಾದ ಸ್ವಾತಂತ್ರ್ಯ ಹೋರಾಟದ ಚರಿತ್ರೆ ಬರೆಯುವವರು ಈ ಕೂಲಿಗಳಿಗೆ ಎಷ್ಟು ಸಾಲು ಕೊಟ್ಟಿದ್ದಾರೆ, ಹುಡುಕಿ ನೋಡಿ.

1921ರ ದಂಗೆಯಿಂದ ಮೇಲೆ ಬಂದ ಸೇನಾಧಿಕಾರಿ ರೆಜಾ ಖಾನ್ 1925ರಲ್ಲಿ ತಾನೇ ಷಾ ಆದ. ದೇಶಕ್ಕೆ ರೈಲು ಬೇಕು ಅಂದ. ದುಡ್ಡೆಲ್ಲಿ? ಚಹಾ ಮತ್ತು ಸಕ್ಕರೆಯ ಮೇಲೆ ತೆರಿಗೆ. 1938ಕ್ಕೆ ಕ್ಯಾಸ್ಪಿಯನ್ ತೀರದಿಂದ ಪರ್ಷಿಯನ್ ಕೊಲ್ಲಿಯವರೆಗೆ ಸುಮಾರು 1,400 ಕಿಲೋಮೀಟರ್ ಹಳಿ ಬಿತ್ತು. ಬಡವ ತನ್ನ ಚಹಾ ಲೋಟದಿಂದ ಕಟ್ಟಿದ ರೈಲು ಅದು. 1941ರ ಆಗಸ್ಟಿನಲ್ಲಿ ಉತ್ತರದಿಂದ ಸೋವಿಯತ್ ಸೇನೆ, ದಕ್ಷಿಣದಿಂದ ಬ್ರಿಟಿಷ್ ಸೇನೆ ಒಳಗೆ ನುಗ್ಗಿದವು. ಬ್ರಿಟಿಷ್ ಸೇನೆ ಎಂದರೆ ಅದರಲ್ಲಿ ಇಂಡಿಯನ್ ಡಿವಿಷನ್‌ಗಳೂ ಇದ್ದವು. ಹೊಟ್ಟೆಪಾಡಿಗೆ ಸಿಪಾಯಿಯಾದವನನ್ನು ಇನ್ನೊಬ್ಬ ಬಡವನ ದೇಶಕ್ಕೆ ನುಗ್ಗಿಸಿದರು. ಆ ರೈಲು ಯುದ್ಧದ ಸಾಮಗ್ರಿ ಹೊತ್ತು ಉತ್ತರಕ್ಕೆ ಓಡಿತು. 1942ರ ಡಿಸೆಂಬರಿನಲ್ಲಿ ಟೆಹರಾನಿನ ಜನ ರೊಟ್ಟಿಗಾಗಿ ದಂಗೆ ಎದ್ದರು.

ಇನ್ನು 1951. ಮಜ್ಲಿಸ್ ಎಣ್ಣೆಯನ್ನು ರಾಷ್ಟ್ರೀಕರಿಸಿತು, ಮೊಹಮ್ಮದ್ ಮೊಸದ್ದಿಕ್ ಪ್ರಧಾನಿಯಾದರು. ಬ್ರಿಟನ್ ಆ ಎಣ್ಣೆ ಎಲ್ಲೂ ಮಾರಾಟವಾಗದಂತೆ ಅಡ್ಡಗಟ್ಟಿತು. 1953ರ ಆಗಸ್ಟ್ 19ರಂದು ಅಮೆರಿಕದ ಸಿಐಎ ಮತ್ತು ಬ್ರಿಟನ್ನಿನ ಗುಪ್ತಚರರು ಹೆಣೆದ ಸಂಚಿನಲ್ಲಿ ಆ ಸರ್ಕಾರ ಉರುಳಿತು. 60 ವರ್ಷ ಕಳೆದ ಮೇಲೆ, 2013ರಲ್ಲಿ ಬಯಲಾದ ಸಿಐಎಯ ದಾಖಲೆಯೇ ಇದನ್ನು ಒಪ್ಪಿಕೊಂಡಿತು. 1954ರಲ್ಲಿ ಎಣ್ಣೆ ವ್ಯವಹಾರ ಹೊಸ ಒಕ್ಕೂಟದ ಕೈಗೆ ಹೋಯಿತು: ಹಳೆಯ ಬ್ರಿಟಿಷ್ ಕಂಪನಿಗೆ ಶೇಕಡ 40, ಅಮೆರಿಕದ ಕಂಪನಿಗಳಿಗೆ 40, ಉಳಿದದ್ದು ಷೆಲ್ ಮತ್ತು ಫ್ರೆಂಚ್ ಕಂಪನಿಗೆ. ಮೊಸದ್ದಿಕ್ ಮೂರು ವರ್ಷ ಜೈಲಿನಲ್ಲಿದ್ದು, 1967ರಲ್ಲಿ ಸಾಯುವವರೆಗೆ ತಮ್ಮ ಹಳ್ಳಿಯಲ್ಲೇ ಬಂಧಿಯಾಗಿದ್ದರು. 1957ರಲ್ಲಿ ಸಾವಾಕ್ ಎಂಬ ಗುಪ್ತ ಪೊಲೀಸ್ ಪಡೆ ಹುಟ್ಟಿತು.

ಇಷ್ಟು ಹೇಳಿ ನಿಲ್ಲಿಸಿದರೆ ವಿಮರ್ಶೆ ಅರ್ಧಕ್ಕೇ ನಿಂತಂತೆ. ಡಾರ್ಸಿಗೆ ರುಜು ಹಾಕಿಕೊಟ್ಟ ಕೈ ಯಾವುದು? ಚಹಾದ ಮೇಲೆ ತೆರಿಗೆ ಹಾಕಿದ ಕೈ ಯಾವುದು? 1953ರ ಆಗಸ್ಟಿನಲ್ಲಿ ಟ್ಯಾಂಕು ಓಡಿಸಿದ ಕೈ ಯಾವುದು? ಹೊರಗಿನ ಕಳ್ಳನಿಗೆ ಒಳಗಿನಿಂದ ಚಿಲಕ ತೆಗೆದವರು ಇದ್ದೇ ಇದ್ದರು. ಚಿಲಕ ತೆಗೆಯುವ ಅಧಿಕಾರ ಇದ್ದದ್ದೂ ಅವರಿಗೇ. ಖೋಷ್‌ನೆಶೀನನಿಗೆ ಬಾಗಿಲೇ ಇರಲಿಲ್ಲವಲ್ಲ.

2

1963ರ ಜನವರಿ 26ರಂದು ರೆಜಾ ಷಾನ ಮಗ ಮೊಹಮ್ಮದ್ ರೆಜಾ ಷಾ ತನ್ನ ಆರು ಅಂಶಗಳ ಕಾರ್ಯಕ್ರಮವನ್ನು ಜನಮತಕ್ಕೆ ಇಟ್ಟ. ಭೂಸುಧಾರಣೆ, ಅರಣ್ಯದ ರಾಷ್ಟ್ರೀಕರಣ, ಸರ್ಕಾರಿ ಕಾರ್ಖಾನೆಗಳ ಮಾರಾಟ, ಕಾರ್ಮಿಕರಿಗೆ ಲಾಭದಲ್ಲಿ ಪಾಲು, ಹೆಂಗಸರಿಗೆ ಮತದಾನದ ಹಕ್ಕು, ಹಳ್ಳಿಗಳಿಗೆ ಅಕ್ಷರ ಕಲಿಸುವ ದಳ. ರಕ್ತ ಹರಿಯದ ಕ್ರಾಂತಿ, ಅದಕ್ಕೇ ‘ಬಿಳಿ ಕ್ರಾಂತಿ’. ಶೇಕಡ 99ಕ್ಕೂ ಹೆಚ್ಚು ಮತ ಪರವಾಗಿ ಬಿತ್ತು ಎಂದು ಸರ್ಕಾರ ಸಾರಿತು. ನೂರಕ್ಕೆ ತೊಂಬತ್ತೊಂಬತ್ತು ಜನ ಒಂದೇ ಮಾತು ಆಡಿದರು ಅಂದರೆ, ಅಲ್ಲಿ ಮಾತಾಡಿದವನು ಒಬ್ಬನೇ ಎಂದು ಅರ್ಥ.

ಪಟ್ಟಿಯನ್ನು ನೋಡಿ ಮೂಗು ಮುರಿಯುವವರಲ್ಲ ನಾವು. ಭೂಮಿ, ಅಕ್ಷರ, ಹೆಂಗಸರಿಗೆ ಮತ ಇವು ನಮ್ಮ ಬೇಡಿಕೆಗಳೇ. ಅವನ್ನು ಯಾರು, ಯಾರನ್ನು ಕೇಳಿ, ಯಾರಿಗೆ ಕೊಟ್ಟರು ಅನ್ನುವುದು ಪ್ರಶ್ನೆ. ಭೂಸುಧಾರಣೆಗೆ ಅಮೆರಿಕದ ಕೆನಡಿ ಸರ್ಕಾರದ ಒತ್ತಡವಿತ್ತು. ಹಳ್ಳಿ ಕೆಂಪಾಗುವ ಮೊದಲೇ ಒಂದಿಷ್ಟು ಭೂಮಿ ಹಂಚಿ ಬೆಂಕಿ ಆರಿಸಬೇಕು ಎಂಬ ಲೆಕ್ಕ. 1962ರ ಕಾಯ್ದೆಯಂತೆ ಒಬ್ಬ ಜಮೀನ್ದಾರ ಒಂದು ಹಳ್ಳಿಯಷ್ಟು ಇಟ್ಟುಕೊಂಡು ಉಳಿದದ್ದನ್ನು ಬಿಡಬೇಕು. ಒಂದು ಹಳ್ಳಿ! ‘ಮಿತಿ’ ಅನ್ನುವ ಮಾತಿಗೆ ಅಲ್ಲಿ ಅದು ಅರ್ಥ.

ಬಿಟ್ಟ ಭೂಮಿ ಯಾರಿಗೆ? ‘ನಸಕ್’ ಇದ್ದವರಿಗೆ, ಅಂದರೆ ಪಾಲಿಗೆ ಉಳುವ ಹಕ್ಕು ಮೊದಲೇ ಇದ್ದ ರೈತನಿಗೆ. ಖೋಷ್‌ನೆಶೀನನಿಗೆ ನಸಕ್ ಇಲ್ಲ, ಆದ್ದರಿಂದ ಭೂಮಿ ಇಲ್ಲ. ಹಳ್ಳಿಯ ಸಂಸಾರಗಳಲ್ಲಿ ಇವರು ಮೂರನೇ ಒಂದು ಪಾಲಿಗೆ ಕಡಿಮೆ ಇರಲಿಲ್ಲ ಎಂದು ಅಂದಾಜು. ಮೊದಲು ರೈತರು ಗುಂಪುಕಟ್ಟಿ, ನೀರನ್ನೂ ಎತ್ತನ್ನೂ ಹಂಚಿಕೊಂಡು ದುಡಿಯುವ ‘ಬೊನೆ’ ಎಂಬ ಪದ್ಧತಿ ಎಷ್ಟೋ ಕಡೆ ಇತ್ತು. ಅದು ಮುರಿಯಿತು. ಬೆಟ್ಟದ ಬುಡದಿಂದ ನೆಲದೊಳಗೇ ನೀರು ಹರಿಸುವ ‘ಕನಾತ್’ ಸುರಂಗಗಳು, ಉಳ್ಳವರು ತೋಡಿಸಿದ ಆಳದ ಪಂಪುಬಾವಿಗಳಿಂದ ಹಲವೆಡೆ ಬತ್ತಿದವು. ಖೂಜೆಸ್ತಾನದ ದೆಜ್ ನದಿಗೆ 1963ಕ್ಕೆ ದೊಡ್ಡ ಅಣೆಕಟ್ಟೆ ಎದ್ದು ನಿಂತಿತು. ಅಣೆಕಟ್ಟೆಯ ಕೆಳಗಿನ ನೀರಾವರಿ ಭೂಮಿಯನ್ನು, ಆಗತಾನೇ ರೈತನಿಗೆ ಕೊಟ್ಟಿದ್ದನ್ನೇ, 1960ರ ದಶಕದ ಕೊನೆಯಿಂದ ಮರಳಿ ಕಿತ್ತು ವಿದೇಶಿ ಬಂಡವಾಳವೂ ಸೇರಿದ್ದ ದೊಡ್ಡ ಕೃಷಿ ಕಂಪನಿಗಳಿಗೆ ಕೊಟ್ಟರು. ಹಳ್ಳಿಗಳನ್ನು ಕೆಡವಿ ಜನರನ್ನು ‘ಷಹರಕ್’ ಎಂಬ ಹೊಸ ಕಾಲೊನಿಗಳಿಗೆ ಸಾಗಿಸಿದರು. ನಿನ್ನೆ ಭೂಮಿ ಪಡೆದವನು ಇವತ್ತು ಅದೇ ಭೂಮಿಯಲ್ಲಿ ಕೂಲಿ.

ನಮ್ಮ ನೆಲದ ಅನುಭವವನ್ನು ಇದರ ಪಕ್ಕದಲ್ಲಿ ಇಡದೆ ಮುಂದೆ ಹೋಗಲಾಗದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಕರ್ನಾಟಕದ ಎಷ್ಟೋ ಗೇಣಿದಾರರಿಗೆ ಭೂಮಿ ಬಂತು. ಅದು ಸಣ್ಣ ಮಾತಲ್ಲ. ಆದರೆ ಗೇಣಿದಾರನಿಗೆ ತುಂಬಲು ಫಾರಂ 7 ಇತ್ತು. ಆ ಗೇಣಿದಾರನ ಹೊಲದಲ್ಲೇ ತಲೆತಲಾಂತರದಿಂದ ಕೂಲಿಯಾಗಿ, ಜೀತವಾಗಿ ಬೆವರು ಸುರಿಸಿದ ಕೇರಿಯವನು ಯಾವ ಫಾರಂ ತುಂಬಬೇಕಿತ್ತು? ಉಳುವವನು ಯಾರು ಎಂದು ಕಾಗದ ತೀರ್ಮಾನಿಸುವ ಕಡೆಯಲ್ಲೆಲ್ಲ, ಕೈ ಮಾತ್ರ ಇದ್ದವನು ಹೊರಗೇ ಉಳಿಯುತ್ತಾನೆ.

3

ಈಗ ಬರಹಗಾರರಿಗೆ ಬರೋಣ. ಜಲಾಲ್ ಆಲೆ ಅಹ್ಮದ್ ಧರ್ಮಗುರುಗಳ ಮನೆತನದಲ್ಲಿ ಹುಟ್ಟಿ, ಕಮ್ಯುನಿಸ್ಟ್ ಒಲವಿನ ತೂದೆ ಪಕ್ಷ ಸೇರಿ, ಬಿಟ್ಟು, ಮೇಷ್ಟ್ರಾಗಿ ಬದುಕಿದವರು. ಶಿಕ್ಷಣದ ಗುರಿಗಳ ಬಗ್ಗೆ ಸರ್ಕಾರದ ಒಂದು ಮಂಡಳಿಗೆ ಕೊಟ್ಟ ವರದಿ ಅಲ್ಲಿ ಅಚ್ಚಾಗದೆ ಹೋದಾಗ, 1962ರಲ್ಲಿ ‘ಘರ್ಬ್‌ಝದೆಗಿ’ ಎಂಬ ಪುಸ್ತಕವಾಗಿ ಗುಟ್ಟಾಗಿ ಹೊರಬಂತು. ಘರ್ಬ್ ಅಂದರೆ ಪಶ್ಚಿಮ. ಗಾಳಿ ಬಡಿದವರು, ದೆವ್ವ ಬಡಿದವರು ಅನ್ನುತ್ತೇವಲ್ಲ, ಹಾಗೆ ‘ಪಶ್ಚಿಮ ಬಡಿದವರು’. ಹುಳ ಹಿಡಿದ ಗೋಧಿಯಂತೆ ಹೊರಗೆ ಸಿಪ್ಪೆ ಇದೆ, ಒಳಗೆ ಕಾಳಿಲ್ಲ ಎಂಬುದು ಅವರ ರೋಗನಿದಾನ. ಯಂತ್ರ ಮಾಡುವುದು ಅವರು, ಕೊಳ್ಳುವುದು ನಾವು. ನಮ್ಮ ಎಣ್ಣೆಯ ದುಡ್ಡು ಅವರ ಯಂತ್ರಕ್ಕೆ ಹೋಗುತ್ತದೆ, ಹಳ್ಳಿಯವನು ಪಟ್ಟಣದ ಕೊಳೆಗೇರಿಗೆ ಹೋಗುತ್ತಾನೆ. ಇಷ್ಟನ್ನು ಷಾನ ಮೂಗಿನ ಕೆಳಗೇ ಬರೆದ ಧೈರ್ಯ ದೊಡ್ಡದು. ಒಂದು ತಲೆಮಾರನ್ನೇ ಅದು ಬಡಿದೆಬ್ಬಿಸಿತು.

ಆದರೆ ಆ ಪುಸ್ತಕದ ‘ನಾವು’ ಎಂಬ ಮಾತನ್ನು ಸ್ವಲ್ಪ ತಿರುಗಿಸಿ ನೋಡಿ. ಅದರಲ್ಲಿ ಜಮೀನ್ದಾರನೂ ಖೋಷ್‌ನೆಶೀನನೂ ಒಂದೇ ಕಂಬಳಿಯ ಕೆಳಗೆ ಮಲಗಿದ್ದಾರೆ. ಪಶ್ಚಿಮ ಬಡಿಯುವ ಮೊದಲು ಕಾಳು ಗಟ್ಟಿಯಾಗಿತ್ತೇ? ಯಾರ ಪಾಲಿಗೆ ಗಟ್ಟಿಯಾಗಿತ್ತು? 1906ರ ಸಂವಿಧಾನವನ್ನೂ, ಕಾನೂನಿನ ಮುಂದೆ ಎಲ್ಲರೂ ಸಮ ಎಂಬ ಮಾತನ್ನೂ ವಿರೋಧಿಸಿದ ಷೇಖ್ ಫಜಲುಲ್ಲಾ ನೂರಿಯನ್ನು 1909ರಲ್ಲಿ ಗಲ್ಲಿಗೇರಿಸಿದರು. ಆಲೆ ಅಹ್ಮದ್‌ಗೆ ಆ ಹೆಣ, ಪಶ್ಚಿಮದ ರೋಗ ಗೆದ್ದು ಹಾರಿಸಿದ ಬಾವುಟದಂತೆ ಕಂಡಿತು. ಗಲ್ಲನ್ನು ನಾವೂ ಒಪ್ಪುವುದಿಲ್ಲ. ಆದರೆ ಸಮಾನತೆಯನ್ನೇ ಹೊರಗಿನ ಸರಕು ಎಂದು ತಳ್ಳಿದವನನ್ನು ನಾಡಿನ ಆತ್ಮದ ಕಾವಲುಗಾರ ಎನ್ನುವುದನ್ನು ಒಪ್ಪಲು ಸಾಧ್ಯವೇ?

ಈ ಜಾಗದಲ್ಲಿ ನಮ್ಮ ದಾರಿ ಬೇರೆಯಾಗುತ್ತದೆ. ಬಾಬಾಸಾಹೇಬ ಅಂಬೇಡ್ಕರರು ನ್ಯೂಯಾರ್ಕಿನ ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿದರು. ಸೂಟು ತೊಟ್ಟರು. ‘ಪಶ್ಚಿಮ ಬಡಿದವರು’ ಎಂಬ ಅಳತೆಗೋಲು ಹಿಡಿದರೆ ಮೊದಲು ಸಿಕ್ಕಿಬೀಳುವವರು ಅವರೇ. ನಮಗೆ ಆ ಸೂಟು ಸಿಪ್ಪೆಯಲ್ಲ, ಬಿಡುಗಡೆಯ ಗುರುತು. ವ್ಯತ್ಯಾಸ ಬಟ್ಟೆಯಲ್ಲಿಲ್ಲ. 1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಕೇರಿಯ ಹೆಣ್ಣುಮಕ್ಕಳಿಗೆ ಉಡುವ ರೀತಿ ಬದಲಿಸಿ ಎಂದಾಗ, ಜಾತಿಯ ಗುರುತನ್ನು ಕಿತ್ತೆಸೆಯಲು ಅವರವರೇ ಮುಂದಾದರು. 1936ರಲ್ಲಿ ರೆಜಾ ಷಾ ಪರದೆ ತೆಗೆಸಿದಾಗ ಬೀದಿಯಲ್ಲಿ ಪೊಲೀಸರು ಹೆಂಗಸರ ತಲೆಯಿಂದ ಬಟ್ಟೆ ಎಳೆದರು. ಎಷ್ಟೋ ಜನ ಹೆಂಗಸರು ಮನೆಯಿಂದ ಹೊರಗೇ ಬರಲಿಲ್ಲ. ಒಂದು ಒಳಗಿನಿಂದ ಎದ್ದದ್ದು, ಇನ್ನೊಂದು ಲಾಠಿಯಿಂದ ಬಂದದ್ದು. ದೇಶಿಯೋ ವಿದೇಶಿಯೋ ಎಂದು ಕೇಳಬೇಡಿ, ತೊಡುವವರಿಗೆ ಬಾಯಿ ಇತ್ತೇ ಎಂದು ಕೇಳಿ.

4

ಎರಡನೆಯವರು ತಬ್ರೀಜಿನ ಘೊಲಾಮ್ ಹುಸೇನ್ ಸಾಎದಿ. ಮನೋವೈದ್ಯರು. ಬಯಲ್ ಎಂಬ ಹಳ್ಳಿಯ ಕಥೆಗಳನ್ನು 1964ರಲ್ಲಿ ಪ್ರಕಟಿಸಿದರು. ಅದರಲ್ಲೊಂದನ್ನು ದಾರಿಯೂಷ್ ಮೆಹರ್‌ಜೂಯಿ 1969ರಲ್ಲಿ ‘ಗಾವ್’, ಅಂದರೆ ‘ಹಸು’, ಎಂಬ ಸಿನಿಮಾ ಮಾಡಿದರು. ಊರಿಗೆಲ್ಲ ಒಂದೇ ಹಸು, ಅದರ ಒಡೆಯ ಮಷ್ ಹಸನ್. ಅವನು ಊರಲ್ಲಿಲ್ಲದಾಗ ಹಸು ಸಾಯುತ್ತದೆ. ಊರವರು ಹೂತುಹಾಕಿ, ಓಡಿಹೋಯಿತು ಅನ್ನುತ್ತಾರೆ. ಹಸನ್ ಕೊಟ್ಟಿಗೆ ಸೇರಿ, ಹುಲ್ಲು ತಿಂದು, ತಾನೇ ಹಸುವಾಗುತ್ತಾನೆ. ಕೊನೆಗೆ ಊರವರು ಅವನನ್ನು ಹಗ್ಗ ಹಾಕಿ ಪಟ್ಟಣದ ಆಸ್ಪತ್ರೆಗೆ ಎಳೆದೊಯ್ಯುತ್ತಾರೆ, ದನಕ್ಕೆ ಬಡಿದಂತೆ ಬಡಿಯುತ್ತಾರೆ. ದಾರಿಯಲ್ಲೇ ಸಾಯುತ್ತಾನೆ.

ಸರ್ಕಾರದ ದುಡ್ಡಿನಲ್ಲೇ ತಯಾರಾದ ಈ ಸಿನಿಮಾವನ್ನು ನೋಡಿ ಸರ್ಕಾರವೇ ಬೆಚ್ಚಿತು. ಷಾನ ಇರಾನಿನಲ್ಲಿ ಇಂಥ ಹಳ್ಳಿಯೇ? ಇದು ಹಲವು ದಶಕಗಳ ಹಿಂದಿನ ಕಥೆ ಎಂಬ ಬರಹ ಸೇರಿಸಿದ ಮೇಲೆಯೇ ಬಿಡುಗಡೆಗೆ ಒಪ್ಪಿದರು. ಬಡತನವನ್ನು ತೆಗೆಯಲಾಗದ ಪ್ರಭುತ್ವ ಅದರ ತಾರೀಖನ್ನು ತಿದ್ದಿತು! 1971ರಲ್ಲಿ ಈ ಸಿನಿಮಾ ಕದ್ದು ಗಡಿ ದಾಟಿ ವೆನಿಸ್ ಉತ್ಸವಕ್ಕೆ ಹೋಗಿ ವಿಮರ್ಶಕರ ಮನ್ನಣೆ ಪಡೆಯಿತು. ಅದೇ ವರ್ಷ ಷಾ ಪರ್ಸೆಪೊಲಿಸ್‌ನಲ್ಲಿ ಡೇರೆ ಹಾಕಿಸಿ, ಪ್ಯಾರಿಸ್ಸಿನಿಂದ ಅಡುಗೆ ತರಿಸಿ, ಸಾಮ್ರಾಜ್ಯದ 2,500ನೇ ವರ್ಷದ ಜಾತ್ರೆ ಮಾಡಿದ.

ಮೂಕಪ್ರೀತಿಯ ಕಥೆ ಎಂದು, ಮನೋರೋಗದ ಕಥೆ ಎಂದು ಇದನ್ನು ಓದಿದವರಿದ್ದಾರೆ. ನಮಗೆ ಮುಖ್ಯವಾಗಿ ಕಾಣುವುದು ಬೇರೆ. ಬಯಲಿನ ಜನ ಹಗಲೂ ರಾತ್ರಿ ಪಕ್ಕದ ಬೊಲೂರಿಗಳಿಗೆ ಹೆದರುತ್ತಾರೆ. ದಿಬ್ಬದ ಮೇಲೆ ನಿಂತ ಮೂರು ಆಕೃತಿ ಕಂಡರೆ ಸಾಕು, ಊರೇ ನಡುಗುತ್ತದೆ. ಬೊಲೂರಿಗಳು ಕಳ್ಳರು, ಅದು ನಿಜ. ಆದರೆ ಹಸುವನ್ನು ಕೊಂದವರು ಅವರೆಂದು ಕಥೆ ಎಲ್ಲೂ ಹೇಳುವುದಿಲ್ಲ. ಹಸನ್‌ಗೆ ಸುಳ್ಳು ಹೇಳಿದ್ದು ಊರವರು, ಹಗ್ಗ ಹಾಕಿದ್ದು ಊರವರು, ಬಡಿದದ್ದು ಊರವರು. ಆ ಊರಲ್ಲಿ ಬುದ್ಧಿ ಮಂದವಾದ ಒಬ್ಬನನ್ನು ಕಟ್ಟಿಹಾಕಿ ಮಕ್ಕಳೆಲ್ಲ ಸೇರಿ ಹಿಂಸಿಸುವ ದೃಶ್ಯವಿದೆ. ಆಗ ಬೊಲೂರಿಗಳು ಹತ್ತಿರವೂ ಇರುವುದಿಲ್ಲ. ಹೊರಗಿನ ಶತ್ರುವಿನ ಮಾತಾಡುತ್ತ ಒಳಗಿನ ಕ್ರೌರ್ಯವನ್ನು ಮರೆಸುವ ಊರನ್ನು ಸಾಎದಿ ನಮ್ಮ ಮುಂದೆ ನಿಲ್ಲಿಸಿದ್ದಾರೆ. ಆಲೆ ಅಹ್ಮದರ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇರೆ ಇಲ್ಲ. 1974ರಲ್ಲಿ ಸಾವಾಕ್ ಅವರನ್ನು ಹಿಡಿದು ಹಿಂಸಿಸಿತು. ಕ್ರಾಂತಿಯ ನಂತರದ ಆಳ್ವಿಕೆಯಲ್ಲೂ ಅವರಿಗೆ ಜಾಗವಿರಲಿಲ್ಲ, ದೇಶ ಬಿಟ್ಟು 1985ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು.

5

ಮೂರನೆಯವರು ನಮ್ಮ ಓದುಗರಲ್ಲಿ ಅನೇಕರ ವೃತ್ತಿಬಂಧು. ಸಮದ್ ಬೆಹ್ರಂಗಿ. 1939ರಲ್ಲಿ ತಬ್ರೀಜಿನಲ್ಲಿ ಹುಟ್ಟಿ, ಅಝರ್‌ಬೈಜಾನ್ ಪ್ರಾಂತದ ಹಳ್ಳಿಗಳಲ್ಲಿ ಸುಮಾರು 11 ವರ್ಷ ಮೇಷ್ಟ್ರಾಗಿದ್ದವರು. ಮಕ್ಕಳ ಮನೆಮಾತು ಅಝರಿ ತುರ್ಕಿ, ಶಾಲೆಯಲ್ಲಿ ಪರ್ಷಿಯನ್ ಒಂದೇ. ಅಮೆರಿಕದ ಪುಸ್ತಕಗಳನ್ನು ನೋಡಿ ಬರೆದ ಬೋಧನಶಾಸ್ತ್ರ, ಬೆಂಚೂ ಇಲ್ಲದ ಶಾಲೆಗೆ ಯಾವ ಕೆಲಸಕ್ಕೆ ಬರುತ್ತದೆ ಎಂದು ಸಮದ್ ಮೇಷ್ಟ್ರು ಪ್ರಬಂಧ ಬರೆದು ಕೇಳಿದರು. ಪಶ್ಚಿಮದ ಮೇಲಿನ ಈ ಸಿಟ್ಟು ಆಲೆ ಅಹ್ಮದರ ಸಿಟ್ಟಿನಂತಲ್ಲ. ಕಳೆದುಹೋದ ಆತ್ಮದ ಬಗ್ಗೆ ಅವರಿಗೆ ಚಿಂತೆಯಿಲ್ಲ, ಹಸಿದು ಕೂತ ಮಗುವಿನ ಬಗ್ಗೆ ಚಿಂತೆ.

ಅವರ ಒಂದು ಕಥೆಯಲ್ಲಿ ಲತೀಫ್ ಎಂಬ ಹುಡುಗ ಕೆಲಸ ಹುಡುಕುವ ಅಪ್ಪನ ಜೊತೆ ಟೆಹರಾನಿಗೆ ಬಂದು ಬೀದಿಯಲ್ಲಿ ಮಲಗುತ್ತಾನೆ. ಅಂಗಡಿಯ ಗಾಜಿನ ಹಿಂದಿನ ಆಟದ ಒಂಟೆಯೇ ಅವನ ಕನಸು. ಶ್ರೀಮಂತರ ಹುಡುಗಿಯೊಬ್ಬಳು ಅದನ್ನು ಕೊಂಡುಹೋಗುತ್ತಾಳೆ. ಆಗ ಅವನ ಕಣ್ಣು ಅದೇ ಗಾಜಿನ ಹಿಂದಿದ್ದ ಬಂದೂಕಿನ ಮೇಲೆ ಬೀಳುತ್ತದೆ. ಬಿಳಿ ಕ್ರಾಂತಿಯ ನಂತರ ಪಟ್ಟಣಕ್ಕೆ ದೂಡಲ್ಪಟ್ಟ ಖೋಷ್‌ನೆಶೀನನ ಮಗ ಇವನು. ಕೊನೆಗೂ ಸಾಹಿತ್ಯದಲ್ಲಿ ಅವನಿಗೆ ಬಾಯಿ ಬಂತು.

1968ರಲ್ಲಿ ಬಂದ ‘ಪುಟ್ಟ ಕಪ್ಪು ಮೀನು’ ಇನ್ನೂ ಪ್ರಸಿದ್ಧ. ವಿಚಿತ್ರ ನೋಡಿ, ಅದನ್ನು ಪ್ರಕಟಿಸಿದ್ದು ರಾಣಿ ಫರಾಳ ಆಶ್ರಯದ ಮಕ್ಕಳ ಸಂಸ್ಥೆ. ತೊರೆಯ ಕೊನೆ ಎಲ್ಲಿ ಎಂದು ಕೇಳಿ ಹೊರಟ ಮೀನನ್ನು ಹೆಜ್ಜಾರ್ಲೆ ಹಿಡಿದು ಕೊಕ್ಕಿನ ಚೀಲದಲ್ಲಿ ಇಟ್ಟುಕೊಳ್ಳುತ್ತದೆ. ಚೀಲದೊಳಗಿನ ಚಿಕ್ಕ ಮೀನುಗಳಿಗೆ ಹಕ್ಕಿ ಹೇಳುತ್ತದೆ: ಆ ಕರಿಯನನ್ನು ಕೊಂದರೆ ನಿಮ್ಮನ್ನು ಬಿಡುತ್ತೇನೆ. ಅವು ಕೊಲ್ಲಲು ತಯಾರಾಗುತ್ತವೆ. ಕೊನೆಗೆ ಹಕ್ಕಿ ಅವನ್ನೂ ನುಂಗುತ್ತದೆ. ಮೇಲಿನಿಂದ ಬರುವ ದಯೆಯ ರಾಜಕಾರಣವನ್ನು ಮಕ್ಕಳಿಗೆ ಅರ್ಥವಾಗುವಂತೆ ಇಷ್ಟು ಸರಳವಾಗಿ ಹೇಳಿದ ಬರಹ ಅಪರೂಪ. ಕೆಳಗಿನವರನ್ನು ಕೆಳಗಿನವರ ಮೇಲೆ ಬಿಡುವುದು ಎಲ್ಲ ಪ್ರಭುಗಳ ಹಳೆಯ ವಿದ್ಯೆ.

ಅದೇ ವರ್ಷ ಸಮದ್ ಮೇಷ್ಟ್ರು ಅರಸ್ ನದಿಯಲ್ಲಿ ಮುಳುಗಿ ತೀರಿಕೊಂಡರು. ವಯಸ್ಸು 29. ಸಾವಾಕ್ ಕೊಂದಿತು ಎಂದು ಜನ ನಂಬಿದರು. ಅದಕ್ಕೆ ಪುರಾವೆ ಸಿಗಲಿಲ್ಲ.

ಮೆಚ್ಚಿದವರನ್ನೂ ಪ್ರಶ್ನಿಸದೆ ಬಿಡುವುದು ನಮ್ಮ ವಿಮರ್ಶೆಯ ದಾರಿಯಲ್ಲ. ಆ ಮೀನು ಒಂಟಿ. ತೊರೆಯ ಉಳಿದ ಮೀನುಗಳು ಬಹುಪಾಲು ಅಂಜುಬುರುಕರು, ಮೂರ್ಖರು. ಈ ಕಥೆಯಿಂದ ಉರಿದೆದ್ದ ಎಳೆಯರಲ್ಲಿ ಕೆಲವರು ಬಂದೂಕು ಹಿಡಿದು 1971ರ ಫೆಬ್ರವರಿಯಲ್ಲಿ ಸಿಯಾಹ್ಕಲ್ ಎಂಬಲ್ಲಿ ಪೊಲೀಸ್ ಠಾಣೆಯ ಮೇಲೆ ಬಿದ್ದರು. ಅವರಲ್ಲಿ ಕೆಲವರನ್ನು ಹಿಡಿದುಕೊಟ್ಟವರು ಹಳ್ಳಿಯವರೇ. ಹಳ್ಳಿಗೆ ಬಿಡುಗಡೆಯನ್ನು ಹೊತ್ತುಕೊಂಡು ಬಂದವರನ್ನೂ ಹಳ್ಳಿ ಹೊರಗಿನವರು ಎಂದೇ ಕಂಡಿತು. ಷಾನನ್ನು ಅಲುಗಿಸಿದ್ದು ಒಂಟಿ ಮೀನಲ್ಲ. 1978ರಲ್ಲಿ ಎಣ್ಣೆ ಕಾರ್ಮಿಕರು ಕೆಲಸ ನಿಲ್ಲಿಸಿದರು, ಲಕ್ಷ ಲಕ್ಷ ಜನ ಬೀದಿಗೆ ಬಂದರು. 1979ರ ಜನವರಿಯಲ್ಲಿ ಷಾ ವಿಮಾನ ಹತ್ತಿದ.

6

ಆಮೇಲೆ? ಹೊರಗಿನವರ ಗೊಂಬೆ ಹೋಯಿತು, ಒಳಗಿನವರೇ ಬಂದರು. ತುರ್ಕ್‌ಮೆನ್ ಬಯಲಿನಲ್ಲಿ ರೈತರು ತಾವೇ ಮಂಡಳಿ ಕಟ್ಟಿಕೊಂಡು ದೊಡ್ಡವರ ಭೂಮಿಯಲ್ಲಿ ಉಳುಮೆ ಶುರುಮಾಡಿದರು. 1979–80ರಲ್ಲಿ ಹೊಸ ಸರ್ಕಾರ ಬಂದೂಕಿನಿಂದ ಆ ಮಂಡಳಿಗಳನ್ನು ಮುರಿಯಿತು. 1980ರಲ್ಲಿ ಬಂದ ಭೂಹಂಚಿಕೆ ಕಾನೂನನ್ನು, ಖಾಸಗಿ ಆಸ್ತಿ ಧರ್ಮಸಮ್ಮತ ಎಂದು ದೊಡ್ಡ ಮುಲ್ಲಾಗಳು ಅಡ್ಡ ಬಂದದ್ದಕ್ಕೆ, ಅದೇ ವರ್ಷ ತಡೆಹಿಡಿದರು. 1936ರಲ್ಲಿ ಬಟ್ಟೆ ಎಳೆದು ತೆಗೆದ ಪೊಲೀಸಿನ ಜಾಗದಲ್ಲಿ ಬಟ್ಟೆ ಎಳೆದು ಹೊದಿಸುವ ಪೊಲೀಸು ಬಂದ. 2022ರ ಸೆಪ್ಟೆಂಬರಿನಲ್ಲಿ ಆ ಪೊಲೀಸರ ವಶದಲ್ಲಿದ್ದ ಕುರ್ದಿಷ್ ಯುವತಿ ಮಹ್ಸಾ ಜಿನಾ ಅಮೀನಿ ಸತ್ತಾಗ ದೇಶವೇ ಬೀದಿಗಿಳಿಯಿತು.

ಎವಿನ್ ಎಂಬ ಜೈಲಿನ ಕಥೆ ಎಲ್ಲವನ್ನೂ ಹೇಳುತ್ತದೆ. 1970ರ ದಶಕದ ಆರಂಭದಲ್ಲಿ ಷಾನ ಕಾಲದಲ್ಲಿ ತೆರೆದದ್ದು, ಸಾವಾಕಿನ ಕೈಯಲ್ಲಿದ್ದದ್ದು. ಕ್ರಾಂತಿಯ ನಂತರ ಅದನ್ನು ಕೆಡವಲಿಲ್ಲ, ತುಂಬಿದರು. 2025ರ ಜೂನ್‌ನಲ್ಲಿ ಇಸ್ರೇಲ್ ದಾಳಿ ಮಾಡಿತು, ಅಮೆರಿಕ ಅಣುಕೇಂದ್ರಗಳ ಮೇಲೆ ಬಾಂಬು ಹಾಕಿತು. ಆ ಜನರ ಬಿಡುಗಡೆಯ ಮಾತೂ ಜೊತೆಗೇ ಕೇಳಿಬಂತು. ಜೂನ್ 23ರಂದು ಇಸ್ರೇಲಿನ ಬಾಂಬು ಎವಿನ್ ಮೇಲೆ ಬಿತ್ತು. ಸತ್ತವರಲ್ಲಿ ಕೈದಿಗಳಿದ್ದರು, ಅವರನ್ನು ನೋಡಲು ಬಂದ ಮನೆಯವರಿದ್ದರು. ಒಳಗಿನ ಒಡೆಯ ಕಟ್ಟಿಹಾಕಿದವನನ್ನು ಹೊರಗಿನ ಉದ್ಧಾರಕ ಕೊಂದ.

ಆದ್ದರಿಂದ ಗೆಳೆಯರೇ, ‘ಸಾಮ್ರಾಜ್ಯಶಾಹಿಗೆ ಧಿಕ್ಕಾರ’ ಎಂದು ಕೂಗುವಾಗ ನಮ್ಮ ಪಕ್ಕದಲ್ಲಿ ಯಾರು ಕೂಗುತ್ತಿದ್ದಾರೆ ಅಂತ ತಿರುಗಿ ನೋಡಬೇಕು. ಊರ ಗೌಡನೂ ಮಠದವನೂ ನಮಗಿಂತ ಜೋರಾಗಿ ಕೂಗಬಹುದು. ‘ಸುಧಾರಣೆಗೆ ಜಯ’ ಎನ್ನುವಾಗಲೂ ಅಷ್ಟೇ, ಪಟ್ಟಿ ತರಿಸಿ ಓದಬೇಕು. ಆಲೆ ಅಹ್ಮದರನ್ನು ಓದಿ, ಅವರ ‘ನಾವು’ವಿಗೆ ಗೆರೆ ಎಳೆದು ಓದಿ. ಸಾಎದಿಯನ್ನು ಓದಿ, ನಿಮ್ಮ ಊರಲ್ಲಿ ಹಗ್ಗ ಹಿಡಿದವರು ಯಾರು ಎಂದು ನೋಡಿ. ಸಮದ್ ಮೇಷ್ಟ್ರ ಮೀನಿನ ಕಥೆಯನ್ನು ನಿಮ್ಮ ಶಾಲೆಯ ಮಕ್ಕಳಿಗೆ ಹೇಳಿ. ಹೇಳಿದ ಮೇಲೆ, ಚೀಲದೊಳಗಿನ ಚಿಕ್ಕ ಮೀನುಗಳೆಲ್ಲ ಒಟ್ಟಾಗಿದ್ದರೆ ಏನಾಗುತ್ತಿತ್ತು ಅಂತ ಕೇಳಿ. ಉತ್ತರವನ್ನು ನೀವು ಹೇಳಿಕೊಡಬೇಡಿ. ಹಿಂದಿನ ಸಾಲಿನಲ್ಲಿ ಕೂತವನು ಬಾಯಿ ತೆರೆಯುವವರೆಗೆ ಕಾಯಿರಿ.